ಮೇಜಿನ ಆಚೆ ಬದಿಯವಳು

ಚೆಂಡು ನಾಲ್ಕೈದು ಸಲ ಅತ್ತಿತ್ತ ಹಾರಿ, ಕೊನೆಗೆ ಬಲೆಯ ನೆತ್ತಿ ಸವರಿಕೊಂಡು ಹೆಂಡತಿಯ ಕಡೆ ತೊಪ್ಪನೆ ಬಿತ್ತು. ಪಾಯಿಂಟ್ ಎನ್ನಲು ಬಾಯಿ ತೆರೆದ ಬುಗುರಿಯಣ್ಣ ಹಾಗೇ ನಿಂತುಬಿಟ್ಟ. ಎದೆ ದಬದಬ ಹೊಡೆದುಕೊಳ್ಳುತ್ತಿತ್ತು. ಬ್ಯಾಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತು, ತನ್ನ ಮಣಿಕಟ್ಟನ್ನು ತಾನೇ ಹಿಡಿದುಕೊಂಡ. ಮುಖ ಸುಣ್ಣ ಬಳಿದಂತಾಗಿತ್ತು.

ಬಸ್ ಡಿಪೋದ ಮೆಕ್ಯಾನಿಕ್ಕುಗಳ ವಿಶ್ರಾಂತಿ ಕೋಣೆಯಲ್ಲಿದ್ದ ಆ ಟೇಬಲ್ ಟೆನ್ನಿಸ್ ಮೇಜಿನ ಮೇಲೆ ಒಂದು ಕಾಲಕ್ಕೆ ಅವನದೇ ರಾಜ್ಯಭಾರ. ಅವನು ತಿರುಚಿ ಬಿಟ್ಟ ಚೆಂಡು ಗಿರ್ರನೆ ಸುತ್ತುತ್ತಿದ್ದುದರಿಂದಲೇ ಡಿಪೋಗೆಲ್ಲ ಅವನು ಬುಗುರಿಯಣ್ಣ. ಹೋದ ವರ್ಷ ಎಂಜಿನ್ ಬಿಚ್ಚುತ್ತಿದ್ದವನು ಹೃದಯಾಘಾತವಾಗಿ ಕುಸಿದ ಮೇಲೆ ಆಟ ನಿಂತಿತು. ಚಿಕಿತ್ಸೆಯಾಯಿತು, ಕೆಲಸಕ್ಕೂ ಮರಳಿದ. ಮೊನ್ನೆ ತಪಾಸಣೆ ಮಾಡಿದ ಡಾಕ್ಟರು, ಇನ್ನು ಹಗುರವಾಗಿ ಆಡಬಹುದು, ಆಡಿದರೇ ಒಳ್ಳೆಯದು, ಎದೆ ನೋವು ಬಂದರೆ, ತಣ್ಣಗೆ ಬೆವೆತರೆ, ಉಸಿರು ಕಟ್ಟಿದರೆ ಮಾತ್ರ ತಡಮಾಡದೆ ಬನ್ನಿ ಎಂದಿದ್ದರು. ಅವನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ.

ಕುಸಿದ ದಿನದಿಂದ ಅವನ ಕಿವಿ ಒಳಮುಖವಾಗಿಬಿಟ್ಟಿತ್ತು. ಊಟದ ನಡುವೆ, ಟಿವಿ ನೋಡುವಾಗ, ಎದುರಿಗೆ ಯಾರಾದರೂ ಮಾತಾಡುತ್ತಿದ್ದರೂ ಬೆರಳು ಮಣಿಕಟ್ಟಿಗೆ ಹೋಗುತ್ತಿತ್ತು. ಮೊಮ್ಮಗಳನ್ನು ಎತ್ತುತ್ತಿರಲಿಲ್ಲ. ಜೋರಾಗಿ ನಗುತ್ತಲೂ ಇರಲಿಲ್ಲ. ಜೊತೆಗಾರರು ಆಟಕ್ಕೆ ಕರೆದರೆ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ಕೊನೆಗೆ, ಹೊಲಿಗೆ ಕಲಿಸುವ ಅವನ ಹೆಂಡತಿಯೇ ಒಂದು ರಜೆಯ ದಿನ ಗೇಟಿನವನಿಂದ ಕೋಣೆಯ ಕೀಲಿಕೈ ಇಸಿದುಕೊಂಡು ಅವನನ್ನು ಎಳೆದು ತಂದಿದ್ದಳು. ಎದುರಿಗೆ ನಾನೇ ನಿಲ್ಲುತ್ತೇನೆ, ನೀವು ಸೋತರೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು.

ಅವಳು ಜನ್ಮದಲ್ಲಿ ಬ್ಯಾಟು ಹಿಡಿದವಳಲ್ಲ. ನೊಣ ಹೊಡೆಯುವವರ ಹಾಗೆ ಬೀಸುತ್ತಿದ್ದಳು. ಚೆಂಡು ಒಮ್ಮೆ ಕಿಟಕಿಗೆ, ಒಮ್ಮೆ ಗೋಡೆ ಗಡಿಯಾರಕ್ಕೆ. ಅದು ಕಬ್ಬಿಣದ ಬೀರುವಿನಡಿ ನುಸುಳಿದಾಗಲೆಲ್ಲ ಅವಳೇ ಮಂಡಿಯೂರಿ, ಪೊರಕೆ ಆಡಿಸಿ ಹೊರಗೆಳೆಯುತ್ತಿದ್ದಳು. ಮೊದಮೊದಲು ಅವನು ಮಗುವಿಗೆ ತುತ್ತಿಡುವಂತೆ ಚೆಂಡು ಕೊಡುತ್ತಿದ್ದ. ಆಮೇಲೆ ಕೈಗೆ ಹಳೇ ಚಾಳಿ ನೆನಪಾಗಿ ಒಂದನ್ನು ತಿರುಚಿ ಬಿಟ್ಟ. ನೇರ ಬಂದ ಚೆಂಡು ಮೇಜಿಗೆ ತಾಗಿದ್ದೇ ಪಕ್ಕಕ್ಕೆ ಹೊರಳಿಕೊಂಡದ್ದು ನೋಡಿ, ಇದು ಶುದ್ಧ ಮೋಸ ಎಂದು ಅವಳು ಸೊಂಟಕ್ಕೆ ಕೈಯಿಟ್ಟು ಜಗಳಕ್ಕೇ ನಿಂತಳು. ಅವನಿಗೆ ನಗು ಬಂತು. ಎಷ್ಟೋ ತಿಂಗಳಿಂದ ಹೊಟ್ಟೆಯಲ್ಲೇ ಉಳಿದಿದ್ದ ನಗು. ಮೈಮರೆತು ಆಡಿದ. ಆ ಮೈಮರೆವಿನ ನಡುವೆಯೇ ಎದೆಯ ಸದ್ದು ಕೇಳಿಸಿದ್ದು.

"ಏನಾಯ್ತು? ನೋವಾ?" ಅವಳು ಓಡಿ ಬಂದು ಪಕ್ಕದಲ್ಲಿ ಕುಳಿತಳು.

ಅವನು ಇಲ್ಲವೆಂದು ತಲೆಯಾಡಿಸಿದ. ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಬಿಡದೆ ವಿಚಾರಿಸಿದಳು. ನೋವಿಲ್ಲ, ಉಸಿರು ಕಟ್ಟುತ್ತಿಲ್ಲ. ಹಣೆ ಮುಟ್ಟಿದಳು, ಬೆವರಿತ್ತು, ಆದರೆ ಮೈ ಬೆಚ್ಚಗೇ ಇತ್ತು.

"ಮತ್ತೇನು?"

"ಹೊಡ್ಕೊಳ್ತಿದೆ ಕಣೇ. ತುಂಬ ಜೋರಾಗಿ."

ಯಾವುದಕ್ಕೂ ಆಸ್ಪತ್ರೆಗೆ ಹೋಗಿಬಿಡೋಣ ಎಂದು ಅವಳು ಚೀಲದಲ್ಲಿ ಫೋನು ಹುಡುಕತೊಡಗಿದಳು. ಅವಸರದಲ್ಲಿ ಚೀಲ ಜಾರಿ ಬಿತ್ತು. ಎತ್ತಿಕೊಳ್ಳಲು ಚಾಚಿದ ಆ ಕೈಯನ್ನು ಅವನು ಹಿಡಿದುಕೊಂಡ. ರೂಢಿ ಬಿದ್ದ ಬೆರಳು, ಕೇಳದೆಯೇ, ಅವಳ ಮಣಿಕಟ್ಟಿನ ಒಳಬದಿಗೆ ಹೋಗಿ ಕೂತಿತು. ಅಲ್ಲಿ ನಾಡಿ ಕುಣಿಯುತ್ತಿತ್ತು, ಅವನದಕ್ಕಿಂತಲೂ ಜೋರಾಗಿ.

"ನಿಂದೂ ಓಡ್ತಿದೆಯಲ್ಲೇ."

"ಓಡದೆ ಇನ್ನೇನು ಮಾಡುತ್ತೆ? ಬೀರು ಕೆಳಗೆಲ್ಲ ತೆವಳಿಸಿದ್ರಲ್ಲ ನನ್ನ."

ಅವನು ಅಲುಗಾಡದೆ ಕುಳಿತ. ಎದೆಯೊಳಗೆ ತನ್ನದು, ಬೆರಳ ತುದಿಯಲ್ಲಿ ಅವಳದು. ಆಡಿದರೆ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಪ್ರಾಯದಲ್ಲೂ ಹೊಡೆದುಕೊಂಡಿತ್ತು, ಗೆದ್ದಾಗಲೂ ಸೋತಾಗಲೂ. ಆಗ ಅದಕ್ಕೆ ಕಿವಿಗೊಡಲು ಪುರುಸೊತ್ತು ಯಾರಿಗಿತ್ತು? ಇಷ್ಟು ಸಣ್ಣ ವಿಷಯ ಮರೆತು, ವರ್ಷವಿಡೀ ತನ್ನ ಎದೆಗೆ ತಾನೇ ಕಾವಲು ಕೂತಿದ್ದ. ನೀಳವಾಗಿ ಉಸಿರು ಬಿಟ್ಟ. ಇನ್ನೊಂದು ಕೈಯಿಂದ ಚೀಲ ಎತ್ತಿಕೊಡುತ್ತಾ, ಆಸ್ಪತ್ರೆ ಬೇಡ ಎಂದ.

ಆಮೇಲೆ ಇನ್ನೊಂದು ಹೊಳೆಯಿತು. ತಡೆದು ತಡೆದು ಕೇಳಿದ: "ಆಡದೇ ಇರುವಾಗಲೂ ಹೀಗೆ ಹೊಡ್ಕೊಳ್ಳುತ್ತಾ, ನಿಂದು?"

ಅವಳು ಮೇಜಿನ ಕಡೆ ಮುಖ ತಿರುಗಿಸಿದಳು.

"ರಾತ್ರಿ ನೀವು ಮಗ್ಗುಲು ಬದಲಿಸದೆ ಒಂದಿಷ್ಟು ಹೊತ್ತು ನಿದ್ದೆ ಮಾಡಿದ್ರೂ ಹೊಡ್ಕೊಳ್ಳುತ್ತೆ. ಮೂಗಿನ ಹತ್ತಿರ ಕೈ ಹಿಡಿದು ನೋಡ್ತೀನಿ. ಹೇಳಿದ್ರೆ ಇನ್ನಷ್ಟು ಹೆದರ್ತೀರಿ ಅಂತ ಹೇಳ್ಲಿಲ್ಲ, ಅಷ್ಟೇ."

ಅವನು ಅವಳಿಗೆ ಇನ್ನಷ್ಟು ಹತ್ತಿರ ಸರಿದ. ಹೊರಗೆ ಅಂಗಳದಲ್ಲಿ ಯಾರೋ ಬಸ್ಸು ತೊಳೆಯುತ್ತಿದ್ದ ನೀರಿನ ಸದ್ದು. ಸ್ವಲ್ಪ ಹೊತ್ತಿಗೆ ಅವನ ಎದೆ ತಾನಾಗಿಯೇ ಶಾಂತವಾಯಿತು. ಅವಳದು ಇನ್ನೂ ಓಡುತ್ತಲೇ ಇತ್ತು.

ಕೋಣೆಗೆ ಬೀಗ ಹಾಕಬೇಕಲ್ಲ ಎಂದು ಅವಳು ಏಳಲು ಹೋದಳು.

"ಕೂತ್ಕೋ," ಎಂದ ಅವನು, ಹಿಡಿದ ಕೈ ಬಿಡದೆ. "ನಿಂದಿನ್ನೂ ಸಮಾಧಾನ ಆಗಿಲ್ಲ."