ಪೈಪಿನ ಕ್ಲಿಪ್

ನುಜ್ಜುಗುಜ್ಜಾದ ಸ್ಪೋರ್ಟ್ಸ್ ಕಾರನ್ನು ಗ್ಯಾರೇಜಿನ ಮುಂದೆ ತಂದು ಇಳಿಸಿದ್ದರು. ಸತ್ತ ಹುಡುಗನ ಅಪ್ಪ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಮೆಕ್ಯಾನಿಕ್ ದೂರದಿಂದಲೇ ಮಾತಾಡಿದ.

"ಬ್ರೇಕ್ ಸರಿಯಾಗೇ ಇತ್ತು ಯಜಮಾನ್ರೇ. ನನ್ನ ತಲೆಗೆ ಕಟ್ಟಬೇಡಿ."

"ಕಟ್ಟಲ್ಲ. ಅವನು ಇಲ್ಲಿಗೆ ಯಾಕೆ ಬಂದಿದ್ದ, ಅಷ್ಟು ಹೇಳಪ್ಪ."

"ಸೆಕೆಂಡ್ ಹ್ಯಾಂಡ್ ಗಾಡಿ, ಟರ್ಬೊ ಹೋಗಿದೆ, ಎಂಬತ್ತು ದಾಟಲ್ಲ, ಫ್ರೆಂಡ್ಸೆಲ್ಲ ನಗ್ತಾರೆ ಅಂತ ಬಂದ."

"ಟರ್ಬೊ ಬದಲಾಯಿಸಿದ್ಯಾ?"

"ಟರ್ಬೊ ಹೋಗಿರಲೇ ಇಲ್ಲ. ಅಲ್ಲಿಂದ ಇಂಜಿನ್ನಿಗೆ ಗಾಳಿ ಹೋಗೋ ಪೈಪಿನ ಕ್ಲಿಪ್ ಸಡಿಲ ಇತ್ತು, ಗಾಳಿಯೆಲ್ಲ ಸೋರ್ತಿತ್ತು. ಈ ಗಾಡಿಗಳಿಗೆ ಅದು ಮಾಮೂಲಿ ರೋಗ. ಸ್ಕ್ರೂಡ್ರೈವರ್ ಹಾಕಿ ಬಿಗಿ ಮಾಡಿದೆ, ಫುಲ್ ಸ್ಪೀಡ್ ಬಂತು. ಕಾಸೂ ತಗೊಳ್ಳಲಿಲ್ಲ. ಹುಡುಗ ನನ್ನ ತಬ್ಬಿಕೊಂಡು ಹೋದ."

ಅಪ್ಪ ಬಗ್ಗಿ, ಹರಿದ ಪೈಪಿನ ತುದಿಯಲ್ಲಿದ್ದ ಕ್ಲಿಪ್ಪನ್ನು ಅಲುಗಾಡಿಸಿ ನೋಡಿದ. ಗಟ್ಟಿಯಾಗಿತ್ತು.

"ಯಾವನೋ ಬೇವಾರ್ಸಿ ಮೆಕ್ಯಾನಿಕ್ ಬಿಗಿ ಮಾಡದೆ ಬಿಟ್ಟಿದ್ದ ಯಜಮಾನ್ರೇ."

"ಮೆಕ್ಯಾನಿಕ್ ಅಲ್ಲಪ್ಪ. ಕೀ ಮಗನ ಕೈಗೆ ಕೊಡೋ ಮುಂಚೆ ನಾನೇ ಸಡಿಲ ಮಾಡಿಟ್ಟಿದ್ದೆ."