ಕಾಯ್ತಾ ಇದೆ

"ಒಂದಲ್ಲ ಒಂದು ದಿನ ನಿನ್ನನ್ನ ದೊಡ್ಡ ರೇಸಿಗೆ ನಿಲ್ಲಿಸ್ತೀನಿ ಕಣವ್ವ" ಎಂದು ಮೆಕ್ಯಾನಿಕ್ ಪುಟ್ಟಸ್ವಾಮಿ ಮಗಳು ಇಂಚರಳಿಗೆ ಮಾತು ಕೊಟ್ಟಾಗ, ಅವಳ ಕಾಲು ಇನ್ನೂ ಬ್ರೇಕಿಗೆ ಎಟುಕುತ್ತಿರಲಿಲ್ಲ.

ಈಗ ಅವಳೇ ಡ್ರೈವರ್ ಆಗಿದ್ದ ಕಾರ್ ರೇಸ್ ತಂಡದಲ್ಲಿ ಸೀಸನ್ನಿಗೆ ಮುಂಚಿನ ಟೆಸ್ಟಿಂಗ್ ನಡೆದಿತ್ತು. ಒಂದು ಎಂಜಿನ್ ಆಗಲೇ ಸುಟ್ಟುಹೋಗಿತ್ತು. ಉಳಿದ ಒಂದೇ ಒಂದು, ನಾಲ್ಕು ಸುತ್ತು ಓಡುವಷ್ಟರಲ್ಲಿ ಕೆಂಡವಾಗುತ್ತಿತ್ತು. ಇದೂ ಕೈಕೊಟ್ಟರೆ ತಂಡವನ್ನೇ ಮುಚ್ಚುತ್ತೇನೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

"ಇದು ಎಂಜಿನ್ನಲ್ಲ ಸ್ವಾಮಣ್ಣ, ಬಚ್ಚಲ ಹಂಡೆ" ಎಂದ ಟೈರು ನೋಡಿಕೊಳ್ಳುವ ರಫೀಕ್.

ಪುಟ್ಟಸ್ವಾಮಿ ನಗಲಿಲ್ಲ. ರೇಡಿಯೇಟರು ಬದಲಿಸಿ ಮಗಳನ್ನು ಮತ್ತೆ ಟ್ರ್ಯಾಕಿಗೆ ಕಳಿಸಿದ. "ಬಿಸಿಯಾದ್ರೆ ರೇಡಿಯೊದಲ್ಲಿ ಹೇಳು. ನಾನು ಹೇಳ್ದಂಗೆ ಮಾಡು. ನಿನ್ನ ಬುದ್ಧಿ ಓಡಿಸ್ಬೇಡ."

ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಅವಳ ದನಿ ಕೇಳಿಸಿತು. "ಅಪ್ಪಾ, ಕಾಯ್ತಾ ಇದೆ. ಬರ್ಲಾ?"

ಒಳಗೆ ಕರೆಯಲು ಅವನು ರೇಡಿಯೊದ ಗುಂಡಿ ಒತ್ತಿ ಹಿಡಿದ. ಅಷ್ಟರಲ್ಲಿ ರಫೀಕ್ ಹಿಂದಿನಿಂದ ಭುಜ ಹಿಡಿದು ಎಳೆದ.

"ಮಾಲೀಕ್ರು ಬಂದವ್ರೆ ಸ್ವಾಮಣ್ಣ. ಆಗ್ಲಿಂದ ಕಾಯ್ತಾ ಅವ್ರೆ."

"ಕಾಯ್ಲಿ ಬಿಡು" ಎಂದು ಪುಟ್ಟಸ್ವಾಮಿ ರೇಗಿದ.

ತಿರುಗಿ ನೋಡುವಷ್ಟರಲ್ಲಿ ಕಾರು ಒಳಗೆ ಬರುವ ದಾರಿ ಬಿಟ್ಟು ಇನ್ನೊಂದು ಸುತ್ತಿಗೆ ಹೋಗಿತ್ತು. ಆಚೆಯ ತಿರುವಿನಲ್ಲಿ ಹೊಗೆ ಎದ್ದಿತು. ಎಂಜಿನ್ ಸೀಜಾಗಿ ನಿಂತೇ ಹೋಯಿತು. ಮಾಲೀಕರು ಅಲ್ಲೇ ತಂಡ ಮುಚ್ಚಿದರು. ಮಗಳಿಗೆ ಕೊಟ್ಟ ಮಾತು ನಡೆಯಲಿಲ್ಲ.

ಇಂಚರ ಹೆಲ್ಮೆಟ್ ಹಿಡಿದುಕೊಂಡು ನಡೆದು ಬಂದಳು.

"ಯಾಕವ್ವ ಒಳಗೆ ಬರ್ಲಿಲ್ಲ?"

"ನೀನೇ ಅಂದ್ಯಲ್ಲಪ್ಪ, ಕಾಯ್ಲಿ ಬಿಡು ಅಂತ."