ಡಬ್ಬಗಳ ಕೆಳಗೆ

ಮೊಮ್ಮಗಳು ಪೇರಿಸಿದ್ದ ರಟ್ಟಿನ ಡಬ್ಬಗಳು ದಡಬಡನೆ ಮತ್ತೆ ಗೊಂಬೆಯ ಮೇಲೆ ಉರುಳಿದವು. ಬೆಳಗಿನಿಂದ ಇದು ಒಂಬತ್ತನೇ ಸಲ. ಅಜ್ಜಿಯ ಎದೆ ಧಸಕ್ಕೆಂದಿತು. ಭೂಕಂಪವಾಗಿ ತಿಂಗಳಾದರೂ ಸಣ್ಣ ಸದ್ದಿಗೂ ಅವಳ ಕಣ್ಣು ಈ ತಗಡಿನ ಶೆಡ್ಡಿನ ಬಾಗಿಲ ಕಡೆ ಓಡುತ್ತಿತ್ತು.

"ಸಾಕು ಮಾಡೇ ತಾಯಿ! ಮನೆ ಬಿದ್ದಿದ್ದು ಸಾಲದಾ, ದಿನಾ ಬೀಳಿಸ್ಬೇಕಾ?"

"ಆಡ್ಲಿ ಬಿಡಿ ಅತ್ತೆ. ತಡೀಬೇಡಿ ಅಂತ ಡಾಕ್ಟ್ರು ಹೇಳಿದಾರಲ್ಲ," ಎಂದಳು ಸೊಸೆ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

"ಡಾಕ್ಟ್ರಿಗೇನು, ಹೇಳಿ ಹೋಗ್ತಾರೆ. ಎದೆ ಒಡೆಯೋದು ನಂದು."

ಗೊಂಬೆಯನ್ನು ಕಿತ್ತುಕೊಂಡೇ ಬಿಡೋಣವೆಂದು ಅಜ್ಜಿ ಮಂಡಿ ಹಿಡಿದುಕೊಂಡು ಬಗ್ಗಿದಳು. ಮೊಮ್ಮಗಳು ಡಬ್ಬಗಳಿಗೆ ಕಿವಿಯಾನಿಸಿ ಪಿಸುಗುಡುತ್ತಿದ್ದಳು: "ಅಜ್ಜೀ... ಅಜ್ಜೀ..." ಸ್ವಲ್ಪ ಹೊತ್ತು ಕಾದಳು. ಗೊಂಬೆ ಎಲ್ಲಿ ಓ ಅಂದೀತು? ಮುಖ ಸಪ್ಪೆ ಮಾಡಿಕೊಂಡು ಮತ್ತೆ ಡಬ್ಬ ಪೇರಿಸತೊಡಗಿದಳು.

ಅಜ್ಜಿಯ ಕೈ ಅಲ್ಲೇ ನಿಂತಿತು. ಭೂಕಂಪದ ದಿನ ತಾನು ಗೋಡೆಯಡಿ ಸಿಕ್ಕಿಕೊಂಡಿದ್ದಾಗ ಇದೇ ದನಿ ಮೇಲಿನಿಂದ ಕರೆಯುತ್ತಲೇ ಇತ್ತು. ಬಾಯ್ತುಂಬ ಮಣ್ಣಿದ್ದ ಅವಳಿಗೆ ಓಗೊಡಲು ಆಗಿರಲಿಲ್ಲ. ಕೂಗಿ ಕೂಗಿ ಕೊನೆಗೆ ಆ ದನಿಯೂ ನಿಂತುಹೋಗಿತ್ತು.

ಗೊಂಬೆಯನ್ನು ಆಚೆ ಸರಿಸಿ, ನೆಲದ ಮೇಲೆ ಅಂಗಾತ ಮಲಗಿ, ಅಜ್ಜಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಒಳಗೆ ಕತ್ತಲಾಗುತ್ತಿದ್ದಂತೆ ಉಸಿರು ಕಟ್ಟಿತು, ಎದ್ದು ಓಡಬೇಕೆನಿಸಿತು. ಹಲ್ಲುಕಚ್ಚಿ ಮಲಗಿಯೇ ಇದ್ದಳು.

"ನನ್ನ ಮೇಲೆ ಹಾಕು ಡಬ್ಬಾನ. ಹಾಕಿದ್ಯಾ? ಈಗ ಕೂಗು."

ಡಬ್ಬಕ್ಕೆ ಕಿವಿ ತಾಗಿದ ಸದ್ದಾಯಿತು. ಆಮೇಲೊಂದು ಸಣ್ಣ ದನಿ: "ಅಜ್ಜೀ?"

"ಓ."

ಹೊಲಿಗೆ ಯಂತ್ರ ನಿಂತಿತು. ಡಬ್ಬಗಳು ದಿಕ್ಕಾಪಾಲಾಗಿ ಹಾರಿದವು.

"ಅಮ್ಮಾ, ಬೇಗ ಬಾ! ಅಜ್ಜಿ ಓ ಅಂದ್ಲು!"